ಕೆಲಸ ಹೋದವರ ಲೆಕ್ಕದಲ್ಲಿ ನಮ್ಮವರು ಎಲ್ಲಿದ್ದಾರೆ?

(ವಿದ್ಯಾರ್ಥಿ ನಿಲಯದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)

ಇವತ್ತು ನಾವು ಮಾತಾಡೋದು ಷರತ್ತುಗಳ ಬಗ್ಗೆ. ಕೇಳೋಕೆ ಸಪ್ಪೆ ವಿಷಯ. ಊರಲ್ಲಿ ನಡೆದ ದೌರ್ಜನ್ಯದ ಮಾತೆತ್ತಿದರೆ ರಕ್ತ ಕುದಿಯುತ್ತೆ. ಭೂಮಿಯ ಮಾತೆತ್ತಿದರೆ ಎದ್ದು ನಿಲ್ತೀರಿ. ಆದರೆ ಸರ್ಕಾರದ ಆದೇಶದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, "ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು" ಅಂತ ಬರೆದಿರುತ್ತಲ್ಲ, ಅದನ್ನ ನಾವು ಓದೋದಿಲ್ಲ. ನಮ್ಮ ಅಪ್ಪ ಅವ್ವಂದಿರನ್ನ ಹೊರಗೆ ನಿಲ್ಲಿಸೋ ಕೆಲಸ ಬಹಳಷ್ಟು ನಡೆಯೋದು ಅಲ್ಲೇ. ಗುಡಿ ಬಾಗಿಲಲ್ಲಿ ಜಾತಿ ಕೇಳ್ತಾರೆ. ಕಚೇರಿ ಕಿಟಕಿಯಲ್ಲಿ ಚೀಟಿ ಕೇಳ್ತಾರೆ. ಚೀಟಿ ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಅಂತ ನೋಡ್ತಾ ಹೋದರೆ ಎರಡೂ ಕಡೆ ಹೊರಗೆ ನಿಂತವರು ಒಂದೇ ಜನ.

ನಾವು ತಗೊಂಡಿರೋ ವಿಷಯ ನಿರುದ್ಯೋಗ ವಿಮೆ. ಅಂದರೆ ಕೆಲಸ ಇದ್ದಾಗ ಸಂಬಳದಿಂದ ಒಂದಿಷ್ಟು ಹಣ ವಂತಿಗೆ ಅಂತ ಕಟ್ಟಿರಬೇಕು, ಮಾಲೀಕನೂ ಕಟ್ಟಿರಬೇಕು. ಕೆಲಸ ಹೋದ ದಿನ ಆ ನಿಧಿಯಿಂದ ಕಾರ್ಮಿಕನಿಗೆ ಸ್ವಲ್ಪ ದಿನ ಅನ್ನಕ್ಕೆ ದಾರಿಯಾಗಬೇಕು. ಇದು ಭಿಕ್ಷೆ ಅಲ್ಲ, ದಾನ ಅಲ್ಲ. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆ ಬಂದಾಗ ಸಾರ್ವಜನಿಕ ನೆರವು ಪಡೆಯೋ ಹಕ್ಕನ್ನ ರಾಜ್ಯ ಒದಗಿಸಬೇಕು ಅಂತ ಇದೆ. ಆದರೆ ಅದಕ್ಕೂ ಒಂದು ಷರತ್ತು ಅಂಟಿಸಿದ್ದಾರೆ: ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಇದು ನಿರ್ದೇಶಕ ತತ್ತ್ವ. ಕೊಟ್ಟಿಲ್ಲ ಅಂತ ನೇರವಾಗಿ ಕೋರ್ಟಿಗೆ ಹೋಗಿ ಕೇಳೋಕಾಗೋದಿಲ್ಲ. ಹಾಗಾಗಿ ಈ ಹಕ್ಕು ಕೈಗೆ ಸಿಗಬೇಕಾದರೆ ಕಾಯ್ದೆ ಬೇಕು, ಯೋಜನೆ ಬೇಕು. ಕಾಯ್ದೆ, ಯೋಜನೆ ಬಂದ ಕೂಡಲೇ ಅದರ ಜೊತೆಗೆ ಅರ್ಹತೆಯ ಷರತ್ತೂ ಬರುತ್ತೆ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಳ್ತಿದ್ದರು. ಕಾರ್ಖಾನೆ ಕಾರ್ಮಿಕರಿಗೆ ಕಾಯಿಲೆ ವಿಮೆ ಹೇಗಿರಬೇಕು ಅಂತ ಹೇಳಿದ ಅಡಾರ್ಕರ್ ವರದಿ ಬಂದದ್ದು ಆ ಕಾಲದಲ್ಲೇ, 1944ರಲ್ಲಿ. ಅದರ ಫಲವಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವು ಇ.ಎಸ್.ಐ. ಅಂತ ಕರೆಯೋದು, ಬಂತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲು ಜಾರಿಯಾಯ್ತು. ಕಾಯಿಲೆಗೆ ಇತ್ತು, ಹೆರಿಗೆಗೆ ಇತ್ತು, ಕೆಲಸದಲ್ಲಿ ಪೆಟ್ಟಾದರೆ ಇತ್ತು, ಸತ್ತರೆ ಮನೆಯವರಿಗೆ ಇತ್ತು. ಕೆಲಸ ಹೋದರೆ? ಅದಕ್ಕೆ ಏನೂ ಇರಲಿಲ್ಲ. ಇ.ಎಸ್.ಐ.ನಲ್ಲಿ ನಿರುದ್ಯೋಗ ಭತ್ಯೆ ಅನ್ನೋದು ಬಂದದ್ದು 2005ರ ಏಪ್ರಿಲ್ 1ರಂದು. ಕಾಯ್ದೆ ಹುಟ್ಟಿ 57 ವರ್ಷ ಆದಮೇಲೆ.

2005ರ ಆ ಯೋಜನೆಯ ಹೆಸರು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. ಭತ್ಯೆ ಕೊಡ್ತೀವಿ ಅಂದರು. ಯಾರಿಗೆ? ಕಾರ್ಖಾನೆ ಮುಚ್ಚಿ ಕೆಲಸ ಹೋಗಿರಬೇಕು. ಇಲ್ಲವೇ ಕಾನೂನು ಪ್ರಕಾರ 'ರಿಟ್ರೆಂಚ್‌ಮೆಂಟ್' ಆಗಿರಬೇಕು. ಇಲ್ಲವೇ ಕೆಲಸದ ಹೊರಗೆ ಆದ ಪೆಟ್ಟಿನಿಂದ ಶೇಕಡಾ 40ಕ್ಕೆ ಕಡಿಮೆ ಇಲ್ಲದ ಶಾಶ್ವತ ಊನ ಆಗಿರಬೇಕು. ಜೊತೆಗೆ ಐದು ವರ್ಷ ವಂತಿಗೆ ಕಟ್ಟಿರಬೇಕು. ಆ ಐದು ವರ್ಷವನ್ನ ಮುಂದೆ ಇಳಿಸಿದರು, ಭತ್ಯೆ ಸಿಗೋ ತಿಂಗಳುಗಳನ್ನ ಹೆಚ್ಚಿಸಿದರು. ಒಳ್ಳೇದೇ. ಆದರೆ ಬಾಗಿಲು ಮಾತ್ರ ಅದೇ ಇತ್ತು.

ಈ 'ರಿಟ್ರೆಂಚ್‌ಮೆಂಟ್' ಅನ್ನೋ ಪದವನ್ನ ಸ್ವಲ್ಪ ನಿಂತು ನೋಡಬೇಕು. ಕೆಲಸದಿಂದ ತೆಗೆದುಹಾಕಿದರೆ ಎಲ್ಲವೂ ರಿಟ್ರೆಂಚ್‌ಮೆಂಟ್ ಅಂತ ನಾವು ತಿಳ್ಕೊಂಡಿರ್ತೀವಿ. ಹಾಗಲ್ಲ. 1984ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಒಂದು ತಿದ್ದುಪಡಿ ತಂದು ಒಂದು ಸಾಲು ಸೇರಿಸಿದರು. ಕರಾರಿನ ಅವಧಿ ಮುಗಿದು ಅದನ್ನ ಮುಂದುವರಿಸದೆ ಇದ್ದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ ಅಂತ. ಆ ಒಂದು ಸಾಲಿನಿಂದ ಯಾರು ಹೊರಗೆ ಬಿದ್ದರು? ಹನ್ನೊಂದು ತಿಂಗಳ ಕರಾರಿನ ಮೇಲೆ ವರ್ಷಗಟ್ಟಲೆ ದುಡಿದವರು. ಇನ್ನು ಕಸ ಎತ್ತುವವರು, ಆಸ್ಪತ್ರೆ ನೆಲ ಒರೆಸುವವರು, ಗೇಟಲ್ಲಿ ನಿಲ್ಲುವವರು, ಇವರೆಲ್ಲ ಬಹಳ ಕಡೆ ಇರೋದು ಕಂಟ್ರಾಕ್ಟರ್ ಕೆಳಗೆ. ಟೆಂಡರ್ ಬದಲಾದರೆ ಕಂಟ್ರಾಕ್ಟರ್ ಬದಲಾಗ್ತಾನೆ. ಹಳೆಯವನು "ನನ್ನ ಕರಾರು ಮುಗೀತು" ಅಂತಾನೆ, ಹೊಸಬ "ನೀನು ನನ್ನ ಹತ್ತಿರ ಇರಲಿಲ್ಲ" ಅಂತಾನೆ. ಕೆಲಸ ಮಾಡಿದವರ ಹೆಸರು ಇಬ್ಬರ ಪುಸ್ತಕದಲ್ಲೂ ಸರಿಯಾಗಿ ಸಿಗೋದಿಲ್ಲ. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ಅದರಲ್ಲೂ ಈ ಸಾಲು ಉಳ್ಕೊಂಡಿದೆ. ನಿಗದಿತ ಅವಧಿಯ ನೌಕರಿ ಮುಗಿದರೆ ಅದೂ ರಿಟ್ರೆಂಚ್‌ಮೆಂಟ್ ಅಲ್ಲ ಅಂತ ಇನ್ನೊಂದು ಮಾತೂ ಸೇರಿದೆ.

ಈಗ ಎರಡನೇ ಯೋಜನೆಗೆ ಬರೋಣ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಿಂದ ಇ.ಎಸ್.ಐ. ನಿಗಮ ಇದನ್ನ ಎರಡು ವರ್ಷದ ಪ್ರಯೋಗ ಅಂತ ಶುರು ಮಾಡಿತು. ಕೆಲಸ ಹೋದವರಿಗೆ ದಿನದ ಸರಾಸರಿ ಗಳಿಕೆಯ ಶೇಕಡಾ 25ರಷ್ಟು, ಹೆಚ್ಚೆಂದರೆ 90 ದಿನ, ಇಡೀ ಜೀವಮಾನದಲ್ಲಿ ಒಂದೇ ಸಲ.

ಲೆಕ್ಕ ಹಾಕಿ ನೋಡೋಣ. ನಮ್ಮ ಅಕ್ಕ ಒಬ್ಬಳು ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 12,000 ರೂಪಾಯಿ ಸಂಬಳಕ್ಕಿದ್ದಾಳೆ ಅಂತಿಟ್ಟುಕೊಳ್ಳಿ. ದಿನಕ್ಕೆ 400 ರೂಪಾಯಿ ಆಯ್ತು. ಅದರಲ್ಲಿ ಕಾಲು ಭಾಗ 100. ತೊಂಬತ್ತು ದಿನಕ್ಕೆ 9,000 ರೂಪಾಯಿ. ಅವಳು ಕಟ್ಟೋದೆಷ್ಟು? 2019ರ ಜುಲೈನಿಂದ ಕಾರ್ಮಿಕರ ವಂತಿಗೆ ಸಂಬಳದ ಶೇಕಡಾ 0.75, ಮಾಲೀಕನದು ಶೇಕಡಾ 3.25. ಅಂದರೆ ಅವಳ ಸಂಬಳದಿಂದ ತಿಂಗಳಿಗೆ 90 ರೂಪಾಯಿ, ಮಾಲೀಕನಿಂದ 390, ಒಟ್ಟು 480. ಎರಡು ವರ್ಷಕ್ಕೆ 11,520 ರೂಪಾಯಿ. ಈ ಹಣದಲ್ಲಿ ಆಸ್ಪತ್ರೆ ನಡೀಬೇಕು, ಹೆರಿಗೆ ಭತ್ಯೆ ಹೋಗಬೇಕು, ಎಲ್ಲ ಸರಿ. ಆದರೆ ಇದು ಅವಳು ಕೂಡಿಹಾಕಿದ ನಿಧಿ ಅನ್ನೋದನ್ನ ಮರೀಬಾರದು. ಕೊಡೋವಾಗ ಸರ್ಕಾರ ತನ್ನ ಜೇಬಿನಿಂದ ಕೊಟ್ಟ ಹಾಗೆ ಮಾತಾಡೋದು ಬೇಡ.

ಇನ್ನು ಷರತ್ತು. ಒಂದು, ಕೆಲಸ ಹೋಗೋ ಮುಂಚೆ ಕನಿಷ್ಠ ಎರಡು ವರ್ಷ ವಿಮೆಯೊಳಗಿನ ಕೆಲಸದಲ್ಲಿ ಇರಬೇಕು. ಎರಡು, ಆ ಎರಡು ವರ್ಷದಲ್ಲಿ ನಾಲ್ಕು ವಂತಿಗೆ ಅವಧಿ ಬರ್ತವೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಈ ನಾಲ್ಕರಲ್ಲೂ ಒಂದೊಂದರಲ್ಲಿ 78 ದಿನಕ್ಕೆ ಕಡಿಮೆ ಇಲ್ಲದ ಹಾಗೆ ವಂತಿಗೆ ಬಿದ್ದಿರಬೇಕು. ಮೂರು, ಕೆಲಸ ಹೋಗಿ 90 ದಿನ ಆದಮೇಲೇ ಹಣ. ನಾಲ್ಕು, ಅರ್ಜಿ ಹೋಗಬೇಕಾದ್ದು ಕೊನೆಯ ಮಾಲೀಕನ ಮೂಲಕ.

ಒಂದೊಂದನ್ನೂ ನಮ್ಮ ಮನೆಗಳಿಗೆ ತಂದು ನೋಡಿ. ನಾಲ್ಕು ಅವಧಿಯಲ್ಲಿ ಮೂರರಲ್ಲಿ ಭರ್ತಿ ದುಡಿದಿದ್ದಾಳೆ. ಒಂದು ಅವಧಿಯಲ್ಲಿ ಅವ್ವನಿಗೆ ಹುಷಾರಿಲ್ಲ ಅಂತ ಊರಿಗೆ ಹೋದಳು, ಅಲ್ಲೇ ಸುಗ್ಗಿಗೂ ನಿಂತಳು, 70 ದಿನ ಮಾತ್ರ ಬಿತ್ತು. ಮುಗೀತು, ಎಂಟು ದಿನ ಕಡಿಮೆಯಾಗಿದ್ದಕ್ಕೆ ಎರಡು ವರ್ಷದ್ದೂ ಹೋಯ್ತು. ಕೆಲಸ ಹೋದ ಮೇಲೆ ಮೂರು ತಿಂಗಳು ಏನೂ ಇಲ್ಲದೆ ಇರಬೇಕು. ಮನೆ ಬಾಡಿಗೆಯವರು, ಚೀಟಿ ಹಣದವರು, ದಿನಸಿ ಅಂಗಡಿಯವರು 90 ದಿನ ಕಾಯ್ತಾರಾ? ಕೊನೆಯದು ಎಲ್ಲಕ್ಕಿಂತ ಚೋದ್ಯ. ಯಾರು ಹೊರಗೆ ಹಾಕಿದನೋ ಅವನ ಹತ್ತಿರವೇ ಹೋಗಿ "ಹೌದು, ನಾನು ಹೊರಗೆ ಹಾಕಿದೆ" ಅಂತ ಬರೆಸಿಕೊಂಡು ಬರಬೇಕು! ಎಷ್ಟೋ ಕಡೆ ಹೊರಗೆ ಹಾಕೋವಾಗಲೇ "ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ" ಅಂತ ಕಾಗದದ ಮೇಲೆ ಹೆಬ್ಬೆಟ್ಟೋ ಸಹಿಯೋ ಹಾಕಿಸ್ಕೊಂಡಿರ್ತಾರೆ. ದುರ್ನಡತೆಗೆ ತೆಗೆದದ್ದಾದರೆ, ಸ್ವಯಂ ನಿವೃತ್ತಿಯಾದರೆ, ವಯಸ್ಸಾಗಿ ನಿವೃತ್ತಿಯಾದರೆ ಈ ಯೋಜನೆಯಲ್ಲಿ ಹಣ ಇಲ್ಲ. ಮಾಲೀಕ ಬರೆಯೋ ಒಂದು ಪದದಲ್ಲಿ ಎಲ್ಲ ತೀರ್ಮಾನ ಆಗಿಹೋಗುತ್ತೆ. ಸಂಘ ಕಟ್ಟೋಕೆ ಹೊರಟವರ ಮೇಲೆ ಬರೋ ಮೊದಲ ಆರೋಪ ದುರ್ನಡತೆ ಅನ್ನೋದು ನಿಮಗೆ ಗೊತ್ತೇ ಇದೆ.

ಆಮೇಲೆ ಕೊರೋನಾ ಬಂತು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಹಾಕಿದರು. ಕೆಲಸ ಹೋದವರು ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೆದ್ದಾರಿಯಲ್ಲಿ ನಡೆದದ್ದನ್ನ ಲೋಕವೆಲ್ಲ ನೋಡಿತು. ಆ ವರ್ಷ ಆಗಸ್ಟ್ 20ರಂದು ಇ.ಎಸ್.ಐ. ನಿಗಮ ಸಭೆ ಸೇರಿ ಷರತ್ತುಗಳನ್ನ ಬದಲಾಯಿಸಿತು. ಶೇಕಡಾ 25 ಇದ್ದದ್ದು 50 ಆಯ್ತು. 90 ದಿನ ಕಾಯೋದು 30 ದಿನಕ್ಕೆ ಇಳಿಯಿತು. ಮಾಲೀಕನ ಹತ್ತಿರ ಹೋಗಬೇಕಾಗಿಲ್ಲ, ಕಾರ್ಮಿಕರು ನೇರವಾಗಿ ಇ.ಎಸ್.ಐ. ಶಾಖಾ ಕಚೇರಿಗೆ ಅರ್ಜಿ ಕೊಡಬಹುದು ಅಂದರು. ನಾಲ್ಕೂ ಅವಧಿಯಲ್ಲಿ 78 ದಿನ ಅನ್ನೋದೂ ಹೋಯ್ತು. ಕೆಲಸ ಹೋಗೋ ಮುಂಚಿನ ಅವಧಿಯಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಇದ್ದರೆ ಸಾಕು ಅಂತಾಯ್ತು. ಈ ಸಡಿಲಿಕೆ ಮಾರ್ಚ್ 24ರಿಂದ ಡಿಸೆಂಬರ್ 31ರವರೆಗೆ ಕೆಲಸ ಹೋದವರಿಗೆ ಅಂತ ಮೊದಲು ಹೇಳಿದರು. ಯೋಜನೆಯ ಅವಧಿಯನ್ನ ಆಮೇಲೆ ಮತ್ತೆ ಮತ್ತೆ ಮುಂದಕ್ಕೆ ಹಾಕ್ತಾ ಬಂದರು.

ನಾವು ಹೇಳಿದ ಅಕ್ಕನಿಗೆ ಇದರಿಂದ ಏನಾಯ್ತು ನೋಡಿ. 70 ದಿನದ ಆ ಅವಧಿ ಈಗ ಅವಳಿಗೆ ಅಡ್ಡಿ ಆಗೋದಿಲ್ಲ. 9,000 ಇದ್ದದ್ದು 18,000 ಆಗುತ್ತೆ. ಮಾಲೀಕನ ಗೇಟಿನ ಮುಂದೆ ನಿಲ್ಲಬೇಕಾಗಿಲ್ಲ. ಅವಳು ಬದಲಾಗಲಿಲ್ಲ, ಅವಳ ದುಡಿಮೆ ಬದಲಾಗಲಿಲ್ಲ, ವಂತಿಗೆಯೂ ಬದಲಾಗಲಿಲ್ಲ. ಕಾಗದದ ಮೇಲಿನ ನಾಲ್ಕು ಸಾಲು ಬದಲಾದವು. ನಿನ್ನೆ ಅನರ್ಹಳಾಗಿದ್ದವಳು ಇವತ್ತು ಅರ್ಹಳು.

ಗೆಳೆಯರೆ, ನಾವು ಇಲ್ಲಿ ಹಿಡೀಬೇಕಾದ ಮಾತು ಇದೇ. ಷರತ್ತು ಆಕಾಶದಿಂದ ಬಿದ್ದದ್ದಲ್ಲ. ಅದು ಯಾರೋ ಸಭೆ ಸೇರಿ ಬರೆದದ್ದು, ಇನ್ನೊಂದು ಸಭೆ ಸೇರಿ ಅಳಿಸಬಹುದಾದದ್ದು. "ಹಣ ಇಲ್ಲ, ಆಗೋದಿಲ್ಲ, ನಿಯಮದಲ್ಲಿ ಅವಕಾಶ ಇಲ್ಲ" ಅಂತ ಹೇಳ್ತಾ ಇದ್ದವರು ಒಂದೇ ದಿನದಲ್ಲಿ ಅವಕಾಶ ಮಾಡಿದರು. ಯಾಕೆ ಮಾಡಿದರು? ರಸ್ತೆ ಮೇಲೆ ನಡೆದ ಜನ ಕಣ್ಣಿಗೆ ಕಂಡರು. ಕಾಣದ ಹಾಗೆ ಹಸಿದಾಗ ಯಾರೂ ಸಭೆ ಸೇರೋದಿಲ್ಲ.

ಹಾಗಂತ ರಸ್ತೆ ಮೇಲೆ ನಡೆದವರಿಗೆಲ್ಲ ಇದು ಸಿಕ್ಕಿತಾ? ಇಲ್ಲ. ಇ.ಎಸ್.ಐ. ಇರೋದು ಬಹುಪಾಲು ರಾಜ್ಯಗಳಲ್ಲಿ ಹತ್ತು ಅಥವಾ ಹೆಚ್ಚು ಜನ ದುಡಿಯೋ ಕಾರ್ಖಾನೆ, ಅಂಗಡಿ, ಸಂಸ್ಥೆಗಳಿಗೆ. ಗದ್ದೆ ಕೂಲಿಗೆ ಇಲ್ಲ. ಮನೆಗೆಲಸದವಳಿಗೆ ಇಲ್ಲ. ಮೇಸ್ತ್ರಿ ಕೆಳಗೆ ನಾಲ್ಕು ಜನ ಗಾರೆ ಕೆಲಸ ಮಾಡ್ತಿದ್ದರೆ ಇಲ್ಲ. ಕಲ್ಲು ಒಡೆಯೋನು, ಚರಂಡಿ ಇಳಿಯೋನು, ಬುಟ್ಟಿ ಹೆಣೆಯೋಳು, ಇವರು ಕೆಲಸ ಕಳ್ಕೊಂಡರು ಅಂತ ಯಾವ ಪುಸ್ತಕದಲ್ಲೂ ಬರೆಯೋದಿಲ್ಲ. ಯಾಕಂದರೆ ಅವರಿಗೆ ಕೆಲಸ ಇತ್ತು ಅಂತಲೇ ಯಾವ ಪುಸ್ತಕದಲ್ಲೂ ಬರೆದಿಲ್ಲ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಸಂಘಟಿತ ಕಾರ್ಮಿಕರಿಗೂ ಮನೆ ಬಾಗಿಲಿಗೆ ಊಟ ಸಾಮಾನು ತಲುಪಿಸೋ ಹುಡುಗರಿಗೂ ಏನೇನು ಯೋಜನೆ ಮಾಡಬಹುದು ಅಂತ ಪಟ್ಟಿ ಇದೆ. ಜೀವ ವಿಮೆ ಇದೆ, ಆರೋಗ್ಯ, ಹೆರಿಗೆ ಇದೆ, ಮುಪ್ಪಿನ ಕಾಲಕ್ಕೆ ರಕ್ಷಣೆ ಇದೆ. ನಿರುದ್ಯೋಗ ಅನ್ನೋ ಪದ ಆ ಪಟ್ಟಿಯಲ್ಲಿ ಇಲ್ಲ.

ಇದು ನಮ್ಮ ದೇಶದಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂತು, ಅದರಲ್ಲಿ ನಿರುದ್ಯೋಗ ವಿಮೆಯೂ ಇತ್ತು. ಆ ಕಾಯ್ದೆಯಲ್ಲಿ ಕರಿಯರಿಗೆ ಇಲ್ಲ ಅಂತ ಎಲ್ಲೂ ಬರೆದಿರಲಿಲ್ಲ. ಜಮೀನು ಕೂಲಿಗಳಿಗೆ, ಮನೆಗೆಲಸದವರಿಗೆ ಇಲ್ಲ ಅಂತ ಬರೆದಿದ್ದರು ಅಷ್ಟೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಜನರಲ್ಲಿ ಹೆಚ್ಚಿನವರು ಮಾಡ್ತಿದ್ದ ಕೆಲಸವೇ ಅವೆರಡು. ದೊಡ್ಡ ಜಮೀನುಗಳ ಕೂಲಿಗಳಿಗೆ ನಿರುದ್ಯೋಗ ವಿಮೆ ದೇಶದ ಮಟ್ಟದಲ್ಲಿ ಸಿಕ್ಕಿದ್ದು 1976ರ ತಿದ್ದುಪಡಿಯಾಗಿ, 1978ರಿಂದ. ನಲವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯ್ತು. ಬಣ್ಣದ ಹೆಸರು ಹೇಳದೆ ಬಣ್ಣದವರನ್ನ ಹೊರಗಿಡಬಹುದು. ಜಾತಿ ಹೆಸರು ಹೇಳದೆ ಜಾತಿಯನ್ನ ಹೊರಗಿಡಬಹುದು. ಕಸುಬಿನ ಹೆಸರು ಹೇಳಿದರೆ ಸಾಕು.

ನಮ್ಮ ಹಳ್ಳಿಯ ಕೂಲಿಗಳನ್ನ ಕೆಲಸ ಇಲ್ಲದವರು ಅಂತ ಒಪ್ಪಿಕೊಂಡ ಕಾಯ್ದೆ ಒಂದಿತ್ತು, 2005ರ ಉದ್ಯೋಗ ಖಾತರಿ ಕಾಯ್ದೆ. ಕೆಲಸ ಕೇಳಿ ಹದಿನೈದು ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಅದರಲ್ಲಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದ ಹಾಗೆ. ವಂತಿಗೆ ಬೇಕಿರಲಿಲ್ಲ, ಎರಡು ವರ್ಷದ ದಾಖಲೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ: ಕೆಲಸ ಕೇಳಿದ ಅರ್ಜಿಗೆ ತಾರೀಖು ಹಾಕಿದ ರಸೀದಿ. ಪಂಚಾಯ್ತಿಯಲ್ಲಿ ಆ ರಸೀದಿಯನ್ನೇ ಕೊಡದಿದ್ದರೆ ಹದಿನೈದು ದಿನ ಯಾವಾಗಿಂದ ಎಣಿಸೋದು? ಒಂದು ಚೀಟಿಯನ್ನ ತಡೆಹಿಡಿದರೆ ಇಡೀ ಕಲಮು ಸತ್ತ ಹಾಗೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಬದಲಿಗೆ ಬೇರೆ ಕಾಯ್ದೆ ಮಾಡಿತು. ಹೊಸದರಲ್ಲೂ ನಾವು ಮೊದಲು ಹುಡುಕಬೇಕಾದ್ದು ರಸೀದಿ ಎಲ್ಲಿದೆ ಅನ್ನೋದನ್ನ.

ಇನ್ನು ನಿಮ್ಮದೇ ವಿಷಯ. ಯುವನಿಧಿ. ಇದು ವಿಮೆ ಅಲ್ಲ, ಕರ್ನಾಟಕ ಸರ್ಕಾರ ತನ್ನ ಬೊಕ್ಕಸದಿಂದ ಕೊಡೋ ಭತ್ಯೆ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯ್ತು, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಕೊಟ್ಟರು. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಕೆಲಸ ಸಿಗೋವರೆಗೆ, ಹೆಚ್ಚೆಂದರೆ ಎರಡು ವರ್ಷ. ಹಣ ಬಂದ ಮನೆಗಳಲ್ಲಿ ಅರ್ಜಿ ಶುಲ್ಕಕ್ಕೆ, ಬಸ್ಸಿಗೆ, ಪುಸ್ತಕಕ್ಕೆ ಆಗಿದೆ. ಅದನ್ನ ನಾವು ಹಗುರವಾಗಿ ನೋಡೋದಿಲ್ಲ. ಆದರೆ ಷರತ್ತು ಓದಿ. ಮೊದಲು 2022-23ರಲ್ಲಿ ಪಾಸಾದವರಿಗೆ ಅಂದರು, ಆಮೇಲೆ ಮುಂದಿನ ವರ್ಷದವರಿಗೂ ವಿಸ್ತರಿಸಿದರು. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು. ಮುಂದೆ ಓದ್ತಿದ್ದರೆ ಇಲ್ಲ. 2021ರಲ್ಲಿ ಪದವಿ ಮುಗಿಸಿ, ಕೊರೋನಾದಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದಾಗ ಹೊರಗೆ ಬಂದ ನಮ್ಮ ಅಣ್ಣಂದಿರಿಗೆ ಇಲ್ಲ. ಒಂದು ಪೇಪರ್ ಉಳಿಸ್ಕೊಂಡವನಿಗೆ ಇಲ್ಲ. ಪಿ.ಯು.ಸಿ.ಗೇ ಓದು ಬಿಟ್ಟು ಪೇಂಟಿಂಗ್ ಕೆಲಸಕ್ಕೆ ಹೋದ ನಿಮ್ಮ ತಮ್ಮನಿಗೆ ಇಲ್ಲ. ಅವರ ನಿರುದ್ಯೋಗ ನಿರುದ್ಯೋಗ ಅಲ್ವಾ?

ಹಾಗಾದರೆ ನಾವೇನು ಮಾಡಬೇಕು? ಬರೀ ಭಾಷಣ ಕೇಳಿ ಎದ್ದು ಹೋಗೋಕೆ ಇಲ್ಲಿ ಸೇರಿಲ್ಲ. ನಮ್ಮ ಅಪ್ಪ ಅವ್ವಂದಿರಿಗೆ ಇಲ್ಲದ ಒಂದು ಆಯುಧ ನಮಗಿದೆ, ಓದೋಕೆ ಬರೆಯೋಕೆ ಬರುತ್ತೆ.

ಒಂದೊಂದು ಹಾಸ್ಟೆಲ್‌ನಿಂದ ನಾಲ್ಕು ಜನ ಭಾನುವಾರ ಹತ್ತಿರದ ಕೇರಿಗೆ, ಕಾರ್ಮಿಕರು ಬಾಡಿಗೆಗಿರೋ ವಠಾರಕ್ಕೆ ಹೋಗಿ. ಇ.ಎಸ್.ಐ. ಕಡಿತ ಆಗೋರು ಯಾರು ಅಂತ ಕೇಳಿ. ವಿಮಾ ಸಂಖ್ಯೆ ಬರ್ಕೊಳ್ಳಿ. ಆ ಸಂಖ್ಯೆ ಒಬ್ಬರಿಗೆ ಒಂದೇ, ಮಾಲೀಕ ಬದಲಾದರೂ ಅದೇ ಇರಬೇಕು. ಹೊಸ ಕಂಟ್ರಾಕ್ಟರ್ ಹೊಸ ಸಂಖ್ಯೆ ಮಾಡಿಸಿದ್ದರೆ ಹಳೇ ದಿನಗಳು ಲೆಕ್ಕಕ್ಕೆ ಬರದೆ ಹೋಗ್ತವೆ, ಎರಡನ್ನೂ ಒಂದು ಮಾಡಿಸೋಕೆ ಅರ್ಜಿ ಬರೆಯಿರಿ. ನಿಗಮದ ಅಂತರ್ಜಾಲ ತಾಣದಲ್ಲಿ ಎಷ್ಟು ದಿನದ ವಂತಿಗೆ ಬಿದ್ದಿದೆ ಅಂತ ನೋಡಬಹುದು. ಸಂಬಳದಲ್ಲಿ ಹಿಡಿದು ಕಟ್ಟದೆ ಇದ್ದರೆ ಅದು ಕಳ್ಳತನ, ದೂರು ಕೊಡಿ. ಆಧಾರ್, ಬ್ಯಾಂಕ್ ಖಾತೆ ಸೇರಿಸಿದೆಯಾ ನೋಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ರಾಜೀನಾಮೆ ಅಂತ ಬರೆದುಕೊಡಬೇಡಿ ಅಂತ ಹೇಳಿ. ಕೆಲಸ ಹೋದ ದಿನ ಶಾಖಾ ಕಚೇರಿಗೆ ಜೊತೆಯಲ್ಲಿ ಹೋಗಿ, ಅವತ್ತಿಗೆ ಜಾರಿಯಲ್ಲಿರೋ ಷರತ್ತು ಯಾವುದು ಅಂತ ಬರಹದಲ್ಲಿ ಕೇಳಿ. "ಹಣ ಬರಲ್ಲ ಹೋಗಮ್ಮ" ಅನ್ನೋ ಬಾಯಿಮಾತನ್ನ ಒಪ್ಪಬೇಡಿ. ಯಾವ ಷರತ್ತಿನ ಕೆಳಗೆ ಬರಲ್ಲ ಅಂತ ಕಾಗದದ ಮೇಲೆ ಬರೆಸ್ಕೊಳ್ಳಿ.

ಜೊತೆಗೆ ಮೂರು ಬೇಡಿಕೆ ನಾವು ಎಲ್ಲ ಸಭೆಗಳಲ್ಲೂ ಇಡ್ತೀವಿ. 2020ರ ಸಡಿಲಿಕೆಗಳು ಅವಧಿ ಇರೋ ಯೋಜನೆಯಾಗಿ ಉಳೀಬಾರದು, ಕಾಯ್ದೆಯೊಳಗಿನ ಹಕ್ಕಾಗಬೇಕು. ಕಂಟ್ರಾಕ್ಟ್ ಮುಗಿದು ಕೆಲಸ ಹೋದರೂ ಕೆಲಸ ಹೋಯ್ತು ಅಂತಲೇ ಎಣಿಸಬೇಕು. ಕೂಲಿಗಳಿಗೆ, ಮನೆಗೆಲಸದವರಿಗೆ, ಚರಂಡಿ ಕೆಲಸದವರಿಗೆ ಸರ್ಕಾರವೇ ವಂತಿಗೆ ಕಟ್ಟಿ ನಿರುದ್ಯೋಗ ವಿಮೆ ಕೊಡಬೇಕು.

ಶಕ್ತಿಯ ಮಿತಿಯೊಳಗೆ ಅಂತ 41ನೇ ವಿಧಿ ಹೇಳುತ್ತೆ. ಆ ಮಿತಿ ಎಲ್ಲಿದೆ ಅಂತ ನಾವು ಕೇಳದೆ ಹೋದರೆ ಅವರೇ ಗೆರೆ ಎಳೀತಾರೆ. ಅವರು ಎಳೆಯೋ ಗೆರೆ ಯಾವಾಗಲೂ ನಮ್ಮ ಕೇರಿಗಿಂತ ಈಚೆಗೇ ನಿಲ್ಲುತ್ತೆ. ಮುಂದಿನ ಭಾನುವಾರ ಯಾವ ಹಾಸ್ಟೆಲ್‌ನಿಂದ ಯಾರು ಎಲ್ಲಿಗೆ ಹೋಗ್ತೀರಿ ಅನ್ನೋದನ್ನ ಎದ್ದು ಹೋಗೋ ಮುಂಚೆ ಹೆಸರು ಬರೆಸಿ ಹೋಗಿ.

ಜೈ ಭೀಮ್.